ಖಾಲಿ ಹೊಟ್ಟೆಯಲ್ಲಿ ಬಾ

ಹೊಸ ತಿಪ್ಪಸಂದ್ರ
20 ಜುಲೈ 1998

ನಾಣಿ,

ರಾಯಚೂರು ಸೇರಿದ್ದೀಯ, ಆಫೀಸಿಗೂ ಹೋಗುತ್ತಿದ್ದೀಯ ಎಂದುಕೊಂಡು ಬರೆಯುತ್ತಿದ್ದೇನೆ. ನಿಮ್ಮ ಅಣ್ಣನ ಈ ತಿಂಗಳ ಮಾಸಿಕ ಶ್ರಾದ್ಧವೂ ಆಯಿತು. ತನ್ಮಯಿ ಒಬ್ಬಳೇ ಮಗಳು, ಗಂಡು ಮಕ್ಕಳಿಲ್ಲದ ಮನೆ. ನಾನು ದರ್ಭೆ ಮುಟ್ಟಿ ಕರ್ಮದ ಅಧಿಕಾರವನ್ನು ನಿನ್ನ ಕೈಗೆ ಕೊಟ್ಟೆ, ನೀನು ಒಂದು ಮಾತೂ ಆಡದೆ ಈಸಿಕೊಂಡೆ. ತಿಂಗಳು ತಿಂಗಳೂ ಅಷ್ಟು ದೂರದಿಂದ ಬಂದು, ಒಪ್ಪೊತ್ತು ಇದ್ದು, ಪಿಂಡವಿಟ್ಟು ಹೋಗುತ್ತೀಯ. ಎದುರಿಗೆ ಇದನ್ನೆಲ್ಲ ಹೇಳಲು ನನಗೆ ಬಾಯಿ ಬರುವುದಿಲ್ಲ. ಕಾಗದದಲ್ಲಾದರೆ ಬರುತ್ತದೆ.

ನೀನು ಹೋದ ಮಾರನೆಯ ದಿನ ಬಿ.ಪಿ. ನೋಡಿಸಿಕೊಳ್ಳಲು ಹಲಸೂರಿನ ಡಾಕ್ಟರ್ ಮಂಜೂರ್ ಹತ್ತಿರ ಹೋಗಿದ್ದೆ. ಪಟ್ಟಿ ಬಿಚ್ಚುತ್ತಾ, "ನಿಮ್ಮ ಯಜಮಾನರ ತಂದೆ ಏನಾಗಿ ಹೋದ್ರು?" ಎಂದು ಕೇಳಿದರು.

"ಎದೆನೋವು. ಐವತ್ತೊಂದಕ್ಕೆ."

"ಯಜಮಾನರು ಐವತ್ತನಾಲ್ಕಕ್ಕೆ. ಅವರಿಗೆ ಅಣ್ಣತಮ್ಮಂದಿರು?"

"ಒಬ್ಬ ತಮ್ಮ ಇದ್ದಾನೆ. ನಲವತ್ತಾರು."

ಅವರು ಪೆನ್ನು ಕೆಳಗಿಟ್ಟರು. "ಅವರ ಕೊಲೆಸ್ಟ್ರಾಲ್ ಯಾವಾಗಾದ್ರೂ ನೋಡಿದ್ದಾರಾ?"

ಇಲ್ಲ ಎಂದೆ. "ಹಾಗಾದ್ರೆ ನೋಡಿಸಿ ಅಮ್ಮಾ. ಆಮೇಲೆ ನೋಡೋಣ ಅನ್ನೋ ಮನೆ ಅಲ್ಲ ಇದು" ಎಂದರು.

ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಹಿಂದಿನ ರಾತ್ರಿ ಊಟ ಬೇಗ ಮುಗಿಸಬೇಕು. ಆಮೇಲೆ ನೀರು ಬಿಟ್ಟು ಇನ್ನೇನೂ ಬಾಯಿಗೆ ಹೋಗಬಾರದು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು. ಅದಕ್ಕೆ ಮೊದಲಿನ ದಿನಗಳಲ್ಲಿ ಹಬ್ಬದೂಟ ಮಾಡಬಾರದು. ಹಾಗೆಂದು ಪಥ್ಯವನ್ನೂ ಹಿಡಿಯಬಾರದು, ದಿನಾ ಉಣ್ಣುವುದನ್ನೇ ಉಣ್ಣಬೇಕು. ಪರೀಕ್ಷೆ ಬಂತೆಂದು ಒಂದು ವಾರ ಒಳ್ಳೆಯವರಾದರೆ ರಕ್ತ ಸುಳ್ಳು ಹೇಳುತ್ತದಂತೆ.

ಅಲ್ಲಿಯೇ ಒಂದು ಲ್ಯಾಬು ನೋಡಿ ಮಾಡಿಸು. ಮಾಡಿಸಿದ ಮೇಲೆ ಬರೆ.

ಇತಿ ನಿನ್ನ ಅತ್ತಿಗೆ,
ಸೀತಮ್ಮ

*

ರಾಯಚೂರು
3 ಆಗಸ್ಟ್ 1998

ಅತ್ತಿಗೆಯವರಿಗೆ ನಾಣಿಯ ನಮಸ್ಕಾರ.

ನಿಮ್ಮ ಡಾಕ್ಟರು ನನ್ನ ಮುಖ ನೋಡದೆ, ವಯಸ್ಸು ಕೇಳಿಯೇ ಪೆನ್ನು ಕೆಳಗಿಟ್ಟರು ಅಂತ ಬರೆದಿದ್ದೀರಿ. ನಮ್ಮ ಇನ್ಶೂರೆನ್ಸ್ ಆಫೀಸಿನಲ್ಲೂ ಹೀಗೇ, ವಯಸ್ಸು ಕೇಳಿ ಪ್ರೀಮಿಯಂ ಹೇಳ್ತೀವಿ. ಅವರದೂ ನಮ್ಮದೂ ದಂಧೆ ಒಂದೇ.

ನನಗೆ ಏನೂ ಆಗಿಲ್ಲ ಅತ್ತಿಗೆ. ಒಂಟಿ ಆಳು. ಯಂಕಮ್ಮನ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ ತಿಂದುಕೊಂಡಿದ್ದೇನೆ. ಕೊಬ್ಬು ಬರೋದಕ್ಕೆ ದಾರಿಯೇ ಇಲ್ಲ. ನಿಮ್ಮ ಕಾಗದದ ವಿಷಯ ಅವಳ ಕಿವಿಗೂ ಹಾಕಿದೆ. ಅವಳು ರೊಟ್ಟಿ ಬಡಿಯೋದು ನಿಲ್ಲಿಸದೆ, "ರಕ್ತಾ ನೋಡಾಕ ಲ್ಯಾಬಿಗಿ ಯಾಕ್ ಹೋಗ್ತೀರಿ ಸಾಹೇಬ್ರ? ನಿಮ್ಮ ರೂಮಿನ ತಿಗಣಿ ದಿನಾ ನೋಡ್ತಾವ. ಅವನ್ನ ಕೇಳ್ರಿ, ಹೆಂಗೈತಿ ರುಚಿ ಅಂತ" ಅಂದಳು. ಊಟಕ್ಕೆ ಕೂತಿದ್ದವರೆಲ್ಲ ನಕ್ಕರು.

ಇಲ್ಲಿನ ಲ್ಯಾಬುಗಳ ಮೇಲೆ ನನಗೆ ನಂಬಿಕೆ ಇಲ್ಲ. ಬೆಂಗಳೂರಿಗೆ ಬಂದಾಗ ನೋಡೋಣ. ತನ್ಮಯಿ ಪಿಯುಸಿ ಓದು ಹೇಗೆ ನಡೀತಿದೆ? ಸೈಕಲ್ಲಿನ ಬ್ರೇಕ್ ಸರಿ ಮಾಡಿಸಿಕೊಟ್ಟು ಬಂದಿದ್ದೇನೆ, ಈಗಲಾದರೂ ಮೆಲ್ಲಗೆ ತುಳಿಯೋಕೆ ಹೇಳಿ.

ಇತಿ,
ನಾಣಿ

*

ಹೊಸ ತಿಪ್ಪಸಂದ್ರ
7 ಆಗಸ್ಟ್ 1998

ನಾಣಿ,

ಬೆಂಗಳೂರಿಗೆ ಬಂದಾಗ ನೋಡೋಣ ಎಂದು ನೀನೇ ಬರೆದಿದ್ದೀಯ. ಸರಿ, ಬಂದಾಗಲೇ ನೋಡೋಣ.

ಈ ಸಲವೂ ಮಾಸಿಕದ ಹಿಂದಿನ ದಿನ ಬೆಳಿಗ್ಗೆ ಇಲ್ಲಿಗೆ ಮುಟ್ಟುವ ರಾತ್ರಿ ರೈಲಿಗೆ ತಾನೇ ನೀನು ಬರುವುದು? ಹೊರಡುವ ಮೊದಲು ಯಂಕಮ್ಮನ ಹತ್ತಿರ ಬೇಗ ಉಂಡುಬಿಡು. ರೈಲಿನಲ್ಲಿ ಏನನ್ನೂ ತೆಗೆದುಕೊಳ್ಳಬೇಡ. ದಂಡಿನ ಸ್ಟೇಷನ್ನಿನಲ್ಲಿ ಇಳಿದು ಮನೆಗೆ ಬರಬೇಡ, ಆಟೋ ಹಿಡಿದು ಸೀದಾ ಹಲಸೂರು ಕೆರೆಯ ಹತ್ತಿರದ ಲ್ಯಾಬಿಗೆ ಬಾ. ಡಾಕ್ಟರ ಚೀಟಿಯನ್ನೂ ನಿನಗೆ ತಿಂಡಿಯನ್ನೂ ತೆಗೆದುಕೊಂಡು ನಾನು ಅಲ್ಲೇ ಇರುತ್ತೇನೆ. ರಕ್ತ ಕೊಟ್ಟು, ತಿಂಡಿ ತಿಂದು, ಒಟ್ಟಿಗೆ ಮನೆಗೆ ಬರೋಣ.

ನಗಿಸುವುದು ನಿನಗೆ ಮೊದಲಿನಿಂದಲೂ ಬರುತ್ತದೆ. ನಾನು ಮದುವೆಯಾಗಿ ಬಂದಾಗ ನೀನು ಇನ್ನೂ ಚಡ್ಡಿಯಲ್ಲಿದ್ದೆ, ಆಗಲೇ ನಗಿಸುತ್ತಿದ್ದೆ. ನೀನು ಯಾವಾಗ ನಗಿಸುತ್ತೀಯ ಎಂಬುದೂ ನನಗೆ ಗೊತ್ತು.

ಇತಿ ನಿನ್ನ ಅತ್ತಿಗೆ,
ಸೀತಮ್ಮ

*

ರಾಯಚೂರು
19 ಆಗಸ್ಟ್ 1998

ಅತ್ತಿಗೆ,

ಕೋಪ ಇಳಿದಿದೆಯೋ ಇಲ್ಲವೋ ತಿಳಿಯದು. ಲ್ಯಾಬಿನಿಂದ ಮನೆವರೆಗೂ ಆಟೋದಲ್ಲಿ ನೀವು ತುಟಿ ಬಿಚ್ಚಲಿಲ್ಲ. ಮಾರನೆಯ ದಿನ ಕರ್ಮ ಮುಗಿಯೋವರೆಗೂ ಮಾತಾಡಲಿಲ್ಲ. ಬಡಿಸೋವಾಗ ಮಾತ್ರ "ಇನ್ನೊಂದು ವಡೆ" ಅಂದಿರಿ.

ನಾನು ಬೇಕು ಅಂತ ಮಾಡಿದ್ದಲ್ಲ. ಹಿಂದೂಪುರ ದಾಟಿದ ಮೇಲೆ ಕಾಫಿಯವನು ಬಂದ, ಕೈ ತಾನಾಗಿಯೇ ಮುಂದೆ ಹೋಯಿತು. ನಮ್ಮ ಮನೆಯಲ್ಲಿ ಕಾಫಿಯನ್ನ ಯಾರಾದರೂ ಆಹಾರ ಅಂತ ಎಣಿಸಿದ್ದುಂಟೇ? ಏಕಾದಶಿ ದಿನವೂ ಅಮ್ಮನಿಗೆ ಬೆಳಿಗ್ಗೆ ಎದ್ದ ಕೂಡಲೇ ಒಂದು ಲೋಟ ಆಗಲೇಬೇಕಿತ್ತು. "ನಿರಾಹಾರ ಅಂದ್ಯಲ್ಲಮ್ಮ" ಅಂತ ಅಣ್ಣ ರೇಗಿಸಿದರೆ, "ಇದು ಆಹಾರ ಅಲ್ವೋ, ಬರೀ ಕಾಫಿ" ಅಂತಿದ್ದಳು. ನಾನು ಅವಳ ಮಗ.

ಲ್ಯಾಬಿನ ಆ ಹುಡುಗಿ, ಫಹ್ಮಿದಾ ಅಂತ ತಾನೇ ಹೆಸರು, "ಹಾಲು, ಸಕ್ಕರೆ ಎರಡೂ ಹೋಯ್ತಲ್ಲ ಸಾರ್, ಇನ್ನೊಂದು ದಿವ್ಸ ಬನ್ನಿ" ಅಂದಾಗ ನನಗೇ ನಾಚಿಕೆ ಆಯಿತು. ಮುಂದಿನ ತಿಂಗಳು ಖಂಡಿತ.

ಇತಿ,
ನಾಣಿ

*

ಹೊಸ ತಿಪ್ಪಸಂದ್ರ
27 ಆಗಸ್ಟ್ 1998

ನಾಣಿ,

ಕೋಪವಿಲ್ಲ. ಮಾತಾಡದೆ ಇದ್ದದ್ದು ಬೇರೆ ಕಾರಣಕ್ಕೆ.

ಅವತ್ತು ನೀನು ಆಟೋ ಕರೆಯಲು ಹೊರಗೆ ಹೋದಾಗ ಫಹ್ಮಿದಾ ನನ್ನ ಹತ್ತಿರ ಬಂದಳು. "ಬೇಜಾರ್ ಮಾಡ್ಕೋಬೇಡಿ ಆಂಟಿ. ದಿನಾ ಇಬ್ರು ಮೂವರು ಕಾಫಿ ಕುಡ್ಕೊಂಡು ಬರ್ತಾರೆ. ಆದ್ರೆ ಅವರೆಲ್ಲ ನಾವು ಕೇಳಿದ ಮೇಲೆ, ಅಯ್ಯೋ ಅಂತ ಹೇಳ್ತಾರೆ. ನಿಮ್ಮ ಮೈದುನ ಒಳಗೆ ಬಂದು ಚಪ್ಪಲಿ ಬಿಡೋ ಮೊದ್ಲೇ, ನಾನು ಕಾಫಿ ಕುಡಿದಿದ್ದೀನಮ್ಮ, ಇವತ್ತು ಆಗಲ್ಲ ಅಲ್ವಾ, ಅಂದ್ರು" ಎಂದಳು.

ಕಾಫಿಯ ಮೇಲೆ ಕೈ ತಾನಾಗಿ ಹೋಗಿರಬಹುದು, ಅದನ್ನು ನಂಬುತ್ತೇನೆ. ಆದರೆ ಕುಡಿದಾದ ಮೇಲೆ ನಿನಗೆ ನೆಮ್ಮದಿಯಾಯಿತು ನಾಣಿ. ಅದು ಯಾಕೆಂದು ನನಗೆ ತಿಳಿಯುತ್ತಿಲ್ಲ. ಸೂಜಿಗೆ ಹೆದರುವವನಲ್ಲ ನೀನು.

ನಿಮ್ಮ ಅಣ್ಣನ ಕನ್ನಡಕ ಇನ್ನೂ ರೇಡಿಯೋ ಮೇಲೆಯೇ ಇದೆ. ದಿನಾ ಧೂಳು ಒರೆಸುವಾಗ ಎತ್ತಿ ಅಲ್ಲಿಯೇ ಇಡುತ್ತೇನೆ. ನಾನು ಒಬ್ಬರನ್ನು ಕಳುಹಿಸಿದ್ದೇನೆ. ಇನ್ನೊಬ್ಬರನ್ನು ಕಳುಹಿಸುವ ಶಕ್ತಿ ನನಗಿಲ್ಲ. ಇಷ್ಟು ಸಾಕು, ಹೆಚ್ಚು ಬರೆದರೆ ನೀನು ಮುಂದಿನ ತಿಂಗಳು ಬರಲು ಅಂಜುತ್ತೀಯ.

ಇತಿ ನಿನ್ನ ಅತ್ತಿಗೆ,
ಸೀತಮ್ಮ

*

ಹೊಸ ತಿಪ್ಪಸಂದ್ರ
22 ಸೆಪ್ಟೆಂಬರ್ 1998

ನಾಣಿ,

ಈ ಸಲ ನೀನು ರೈಲು ಬಿಟ್ಟು ಹಗಲು ಬಸ್ಸಿಗೆ ಬಂದೆ, ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಟಿಕೆಟ್ ಸಿಗಲಿಲ್ಲ ಎಂದೆ. ಮಾರನೆಯ ದಿನ ಮಾಸಿಕ, ಸಂಜೆಗೆ ಹೊರಟೆ. ನಾನೇನೂ ಕೇಳಲಿಲ್ಲ.

ನೀನು ಹೋದ ಮೇಲೆ ಒಂದು ಯೋಚನೆ ಬಂತು. ಮಾಸಿಕದ ಬೆಳಿಗ್ಗೆ ನೀನು ಹೇಗೂ ಖಾಲಿ ಹೊಟ್ಟೆಯಲ್ಲಿ ಇರುತ್ತೀಯ. ಹಿಂದಿನ ಮಧ್ಯಾಹ್ನ ಉಂಡವನು ಕರ್ಮ ಮುಗಿಯುವ ತನಕ ನೀರು ಬಿಟ್ಟು ಏನನ್ನೂ ಮುಟ್ಟುವುದಿಲ್ಲ, ಕಾಫಿಯನ್ನೂ. ಅದೊಂದು ದಿನ ಮಾತ್ರ ನಿನ್ನ ಕೈ ತಾನಾಗಿ ಎಲ್ಲೂ ಹೋಗುವುದಿಲ್ಲ. ಅವತ್ತೇ ಬೆಳಿಗ್ಗೆ ಲ್ಯಾಬಿಗೆ ಹೋಗಿ ಬಂದು ಕರ್ಮಕ್ಕೆ ಕೂತರೆ ಏನು ಎಂದುಕೊಂಡು ಜೋಗುಪಾಳ್ಯಕ್ಕೆ, ಮಾಸಿಕ ಮಾಡಿಸುವ ಆಚಾರ್ಯರ ಮನೆಗೆ ಹೋದೆ.

"ಕರ್ತೃವಿನ ಮೈಯಿಂದ ರಕ್ತ ಬಂದ್ರೆ ಅವತ್ತು ಅವನು ಪಿಂಡ ಇಡೋ ಹಾಗಿಲ್ಲಮ್ಮ. ಕ್ಷೌರ ಮಾಡಿಸ್ಕೊಳ್ಳೋದನ್ನೇ ಬೇಡ ಅಂತೀವಿ, ಎಲ್ಲಿ ಕತ್ತಿ ತಾಗತ್ತೋ ಅಂತ" ಎಂದರು.

"ಕರ್ಮ ಮುಗಿದ ಮೇಲೆ?"

"ಮುಗಿದ ಮೇಲೆ ಊಟ ಮಾಡ್ದೆ ಏಳೋ ಹಾಗಿಲ್ಲವಲ್ಲ. ಪಿತೃಶೇಷ."

ಊಟಕ್ಕೆ ಮೊದಲು ಓಡಿಹೋಗಿ ಬರೋಣವೆಂದರೆ ಲ್ಯಾಬಿನಲ್ಲಿ ಬೆಳಿಗ್ಗೆ ಹತ್ತರ ಮೇಲೆ ರಕ್ತ ತೆಗೆಯುವುದಿಲ್ಲ. ಮಾರನೆಯ ದಿನ ಇರು ಎಂದರೆ ನಿನಗೆ ರಜೆ ಇಲ್ಲ. ಇದ್ದರೂ ಆ ವಡೆ, ಪಾಯಸ, ತುಪ್ಪದ ಮೇಲೆ ಪರೀಕ್ಷೆ ಬೇಡ ಎನ್ನುತ್ತಾರೆ ಡಾಕ್ಟರು. ಎಲ್ಲ ಬಾಗಿಲೂ ನಿಮ್ಮ ಅಣ್ಣನೇ ಹಾಕಿಕೊಂಡು ಕೂತಂತೆ ಇದೆ.

ರಾಯಚೂರಿನಲ್ಲೇ ಮಾಡಿಸು ನಾಣಿ. ಕೈ ಮುಗಿಯುತ್ತೇನೆ.

ಇತಿ,
ಸೀತಮ್ಮ

*

ರಾಯಚೂರು
24 ಅಕ್ಟೋಬರ್ 1998

ಅತ್ತಿಗೆ,

ಹೋದ ವಾರ ಬಂದಾಗ ನೀವು ರಕ್ತದ ಸುದ್ದಿ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ತನ್ಮಯಿ ಮಾತ್ರ ಎಲೆ ಒರೆಸುತ್ತಾ, "ಚಿಕ್ಕಪ್ಪ, ನೀನು ನಿಂಬೆಹಣ್ಣಿನ ಬೀಜದ ಥರ. ಹಿಡಿದರೆ ಜಾರ್ಕೋತೀಯ" ಅಂದಳು. ಯಾರು ಕಲಿಸಿದ್ದು ಇವಳಿಗೆ?

ಈ ವರ್ಷ ನಮಗೆ ದೀಪಾವಳಿ ಇಲ್ಲವಲ್ಲ. ಇಲ್ಲಿ ಓಣಿಯಲ್ಲಿ ಎಲ್ಲರ ಮನೆಯಲ್ಲೂ ದೀಪ, ನನ್ನ ರೂಮು ಕತ್ತಲೆ. ಯಂಕಮ್ಮ ಒಂದು ಹಣತೆ ತಂದು ಹೊಸ್ತಿಲ ಮೇಲಿಟ್ಟಳು. ನಮಗೆ ಸೂತಕದ ವರ್ಷ ಅಂದೆ. "ಹಂಗಂದ್ರ ಇದು ನಂದು. ನನ್ನ ದೀಪಾ ನಿಮ್ಮ ಹೊಸ್ತಿಲ ಮ್ಯಾಲ ಕುಂತೈತಿ" ಅಂದಳು.

ಅವಳ ಹತ್ತಿರ ಮೊನ್ನೆ ಬೈಸಿಕೊಂಡೆ. ನಮ್ಮ ಆಫೀಸು ಮಹಡಿ ಮೇಲೆ ಇದೆ. ಮಧ್ಯದ ತಿರುವಿನಲ್ಲಿ ಒಂದು ಸ್ವಲ್ಪ ನಿಂತುಕೊಂಡೆ, ಎದೆ ಮೇಲೆ ಯಾರೋ ಅಂಗೈ ಇಟ್ಟು ತಡೆದ ಹಾಗಿತ್ತು. ಬುತ್ತಿ ತಂದಿದ್ದವಳು ಕೆಳಗಿನಿಂದ ನೋಡಿಬಿಟ್ಟಳು. "ಯಾಕ್ ನಿಂತ್ರಿ?" ಅಂದಳು. ಮೆಟ್ಟಿಲು ಗಟ್ಟಿ ಇದೆಯೋ ಇಲ್ಲವೋ ನೋಡ್ತಿದ್ದೀನಿ ಅಂದೆ. "ಮೆಟ್ಟಲಾ ಗಟ್ಟಿ ಅದಾವ್ರಿ, ನಿಮ್ಮ ತಲೀನೂ ಅಷ್ಟ ಗಟ್ಟಿ ಐತಿ" ಅಂತ ರಾಗ ಎಳೆದಳು. ಗ್ಯಾಸ್ ಇರಬೇಕು. ಒಂದು ನಿಮಿಷಕ್ಕೆ ಸರಿಹೋಯಿತು. ಬರೆಯೋಕೆ ಬೇರೆ ಸುದ್ದಿ ಇಲ್ಲ ಅಂತ ಬರೆದೆ.

ಇತಿ,
ನಾಣಿ

*

ಹೊಸ ತಿಪ್ಪಸಂದ್ರ
31 ಅಕ್ಟೋಬರ್ 1998

ನಾಣಿ,

ನಿನ್ನ ಕಾಗದವನ್ನು ನಾಲ್ಕು ದಿನ ದೇವರ ಮನೆಯಲ್ಲಿಟ್ಟಿದ್ದೆ. ನಿಮ್ಮ ಅಣ್ಣನೂ ಗ್ಯಾಸ್ ಎಂದೇ ಹೇಳಿದ್ದರು. ಕಾರ್ಖಾನೆಯ ಬಸ್ಸಿನಿಂದ ಇಳಿದು ಮಾರ್ಕೆಟ್ ರಸ್ತೆಯಲ್ಲಿ ನಿಂತು ನಿಂತು ಬಂದಿದ್ದರು. ಜೀರಿಗೆ ನೀರು ಕೊಡು ಎಂದರು. ನಾನು ಜೀರಿಗೆ ಹುರಿಯುತ್ತಿದ್ದೆ.

ಬರುವ ತಿಂಗಳ ಮಾಸಿಕವನ್ನು ನೀನು ಮಾಡುವುದು ಬೇಡ.

ನಾನು ಮತ್ತೆ ಆಚಾರ್ಯರಲ್ಲಿಗೆ ಹೋಗಿದ್ದೆ. ಕರ್ತೃವಿಗೆ ಆಗದೆ ಹೋದರೆ ಏನು ಮಾಡುತ್ತಾರೆ ಎಂದು ಕೇಳಿದೆ. "ಸ್ವಯಂಪಾಕ ಕೊಡಬಹುದು. ಅಕ್ಕಿ, ಬೇಳೆ, ತರಕಾರಿ, ಬೆಲ್ಲ, ತುಪ್ಪ ಎಲ್ಲಾ ಹಸೀದು ಮೊರದಲ್ಲಿಟ್ಟು ದಕ್ಷಿಣೆ ಸಮೇತ ಬ್ರಾಹ್ಮಣನಿಗೆ ಕೊಡೋದು. ಅಡುಗೆ ಇಲ್ಲ, ಪಿಂಡ ಇಲ್ಲ" ಎಂದರು. ಆಮೇಲೆ ನನ್ನ ಮುಖ ನೋಡಿ, "ಆದ್ರೆ ತಮ್ಮ ಇದ್ದಾನಲ್ಲಮ್ಮ. ಮೊದಲ ವರ್ಷ. ಪಿಂಡ ತಪ್ಪಿಸಬಾರದು" ಎಂದರು.

"ತಮ್ಮ ಇರಬೇಕು ಅಂತಲೇ ಆಚಾರ್ರೇ ತಪ್ಪಿಸ್ತಿರೋದು" ಎಂದೆ. ಅಷ್ಟು ಗಟ್ಟಿಯಾಗಿ ನಾನು ಅವರೆದುರು ಮಾತಾಡಿದ್ದು ಅದೇ ಮೊದಲು. ಅವರ ಮನೆಯವರು ಅಡುಗೆಮನೆಯಿಂದ ಇಣುಕಿ ನೋಡಿದರು. ಆಚಾರ್ಯರು, "ನಿಮ್ಮ ಅಧಿಕಾರ ಅದು. ನಾನು ಬೇಡ ಅನ್ನೋಕೆ ಬರಲ್ಲ" ಎಂದರು.

ಸ್ವಯಂಪಾಕ ನಾನೇ ಕೊಡುತ್ತೇನೆ. ನೀನು ಮಾಸಿಕಕ್ಕೆ ಬರುವಂತೆಯೇ ಹಿಂದಿನ ದಿನ ಬಾ. ರೈಲಿನ ಕಾಫಿಯನ್ನು ನಾನು ನಂಬುವುದಿಲ್ಲ, ರಾತ್ರಿ ನನ್ನ ಕಣ್ಣೆದುರೇ ಮನೆಯಲ್ಲಿ ಬೇಗ ಊಟ. ಬೆಳಿಗ್ಗೆ ಲ್ಯಾಬು.

ಇತಿ,
ಸೀತಮ್ಮ

*

ರಾಯಚೂರು
5 ನವೆಂಬರ್ 1998

ಅತ್ತಿಗೆ,

ಇದು ಆಗೋ ಮಾತಲ್ಲ. ನನ್ನ ಒಂದು ಸೀಸೆ ರಕ್ತಕ್ಕೋಸ್ಕರ ಅಣ್ಣನನ್ನ ಒಂದು ತಿಂಗಳು ಹಸಿದುಕೊಂಡು ಇರು ಅನ್ನೋದಾ? ಚಿಕ್ಕಂದಿನಲ್ಲಿ ತನ್ನ ತಟ್ಟೆಯಿಂದ ಎತ್ತಿ ನನ್ನ ತಟ್ಟೆಗೆ ಹಾಕಿ, ನಂಗೆ ಹೊಟ್ಟೆ ತುಂಬಿತು ಅಂತ ಸುಳ್ಳು ಹೇಳ್ತಿದ್ದವನು ಅವನು. ಈಗ ನಾನು ಅವನ ತುತ್ತು ಕಿತ್ತುಕೊಳ್ಳಲಾ?

ದರ್ಭೆ ನೀವೇ ಕೊಟ್ಟಿರಿ, ನೀವೇ ಹಿಂದಕ್ಕೆ ತಗೋತಿದ್ದೀರಿ. ಹಾಗಾದರೆ ನಾನು ಬರೋ ಕೆಲಸ ಏನಿದೆ? ನಾನು ಬರೋದಿಲ್ಲ.

ಕೆಲವು ವಿಷಯ ಗೊತ್ತಿಲ್ಲದೆ ಇರೋದೇ ಒಳ್ಳೇದು ಅತ್ತಿಗೆ. ನನಗಲ್ಲ. ನಿಮಗೆ.

ನಾಣಿ

*

ಹೊಸ ತಿಪ್ಪಸಂದ್ರ
8 ನವೆಂಬರ್ 1998

ನಾಣಿ,

ತಮ್ಮನಿಗೋಸ್ಕರ ಒಂದು ತಿಂಗಳು ಹಸಿದಿರಬೇಕಾದರೆ ನಿಮ್ಮ ಅಣ್ಣ ಬೇಡ ಎನ್ನುತ್ತಿದ್ದರೇ? ನಿನ್ನ ಕಾಗದದಲ್ಲೇ ಅದಕ್ಕೆ ಉತ್ತರವಿದೆ. ಇನ್ನೊಮ್ಮೆ ಓದಿಕೋ. ಅವರು ನನ್ನ ಮೇಲೆ ಸಿಟ್ಟು ಮಾಡಿಕೊಂಡರೆ ನಾನು ಹೋದ ಮೇಲೆ ಅಲ್ಲಿ ಬೈಸಿಕೊಳ್ಳುತ್ತೇನೆ.

ನನಗೆ ಏನು ಗೊತ್ತಾಗಬಾರದು ಎಂದು ನೀನು ಕಾಯುತ್ತಿದ್ದೀಯೋ ತಿಳಿಯದು. ತಿಳಿದುಕೊಳ್ಳುವುದಕ್ಕೆ ನಾನು ಹೆದರುವುದಿಲ್ಲ.

ಬೇಳೆ, ಅಕ್ಕಿ ಆರಿಸಿ ಇಟ್ಟಿದ್ದೇನೆ. ನೀನು ಬಂದರೂ ಬಾರದಿದ್ದರೂ ಈ ತಿಂಗಳು ಪಿಂಡವಿಲ್ಲ. ಬರದೆ ಹೋದರೆ ಅದು ಸುಮ್ಮನೆ ತಪ್ಪಿದಂತಾಗುತ್ತದೆ.

ಲ್ಯಾಬಿಗೆ ಖಾಲಿ ಹೊಟ್ಟೆಯಲ್ಲಿ ಬಾ.

ಸೀತಮ್ಮ

*

ರಾಯಚೂರು
19 ನವೆಂಬರ್ 1998

ಅತ್ತಿಗೆಯವರಿಗೆ ನಾಣಿಯ ನಮಸ್ಕಾರ.

ಅವತ್ತು ಸಂಜೆ ರಿಪೋರ್ಟು ಹಿಡಿದು ಡಾಕ್ಟರ್ ಹತ್ತಿರ ಒಬ್ಬನೇ ಹೋಗ್ತೀನಿ ಅಂತ ನಾನು ಹಟ ಹಿಡಿದಾಗ ನೀವು ಹೊರಗೆ ಬೆಂಚಿನ ಮೇಲೆ ಕೂತಿರಿ. ಆಚೆ ಬಂದು, "ಸ್ವಲ್ಪ ಜಾಸ್ತಿ ಇದೆ, ಮಾತ್ರೆ ಕೊಟ್ಟಿದ್ದಾರೆ" ಅಂತ ಅಷ್ಟೇ ಹೇಳಿ ರೈಲು ಹತ್ತಿದೆ. ಉಳಿದದ್ದನ್ನ ಎದುರಿಗೆ ಹೇಳೋಕೆ ಆಗಲಿಲ್ಲ.

ಮೊದಲು ಅವತ್ತಿನ ಬೆಳಿಗ್ಗೆ. ನೀವು ಮೊರ ಹಿಡಿದು ಜೋಗುಪಾಳ್ಯದ ಕಡೆ ಹೊರಟಿರಿ, ನಾನು ಲ್ಯಾಬಿನಲ್ಲಿ ತೋಳು ಚಾಚಿ ಕೂತೆ. ಅಷ್ಟು ಹೊತ್ತಿಗೆ ಬೇರೆ ತಿಂಗಳಾದರೆ ಮಡಿ ಉಟ್ಟು ಕೂತಿರ್ತಿದ್ದೆ. ಫಹ್ಮಿದಾ ತೋಳಿಗೆ ರಬ್ಬರ್ ಕಟ್ಟಿ, "ಮುಷ್ಟಿ ಬಿಗಿ ಹಿಡೀರಿ ಸಾರ್" ಅಂದಳು. ಹಿಡಿದೆ. "ಸೂಜಿ ಇನ್ನೂ ಚುಚ್ಚೇ ಇಲ್ಲ, ಯಾಕೆ ಅಳ್ತಿದ್ದೀರಿ?" ಅಂದಳು. ಅಳ್ತಿದ್ದೀನಿ ಅಂತ ನನಗೆ ಗೊತ್ತೇ ಇರಲಿಲ್ಲ. ನಮ್ಮಣ್ಣನ ತಿಥಿ ಇವತ್ತು ಅಂದೆ. ಅವಳು ಸ್ವಲ್ಪ ಹೊತ್ತು ನನ್ನ ಮಣಿಕಟ್ಟು ಹಿಡಿದುಕೊಂಡು ನಿಂತಿದ್ದು, ಆಮೇಲೆ ಚುಚ್ಚಿದಳು.

ಸ್ವಲ್ಪ ಜಾಸ್ತಿ ಅಲ್ಲ ಅತ್ತಿಗೆ. ಮುನ್ನೂರ ನಲವತ್ತು. ಇನ್ನೂರರ ಒಳಗೆ ಇರಬೇಕಂತೆ. ನಾನು ಖಾನಾವಳಿಯ ರೊಟ್ಟಿ ತಿನ್ನೋವನು ಅಂದೆ. ಡಾಕ್ಟರು, "ಇಷ್ಟು ತಿಂದು ಬರಲ್ಲ. ನೀವು ಸೊಪ್ಪು ತಿಂದ್ಕೊಂಡಿದ್ರೂ ನಿಮ್ಮ ಮೈ ಇದನ್ನ ಮಾಡ್ಕೊಳ್ತಿತ್ತು. ತಂದೆಯಿಂದ ಬಂದಿದ್ದು" ಅಂದರು. ಆದ್ದರಿಂದ ಮೊದಲು ಇದನ್ನ ಓದಿಕೊಳ್ಳಿ: ನಿಮ್ಮ ಅಡುಗೆಯಿಂದ ಅಲ್ಲ. ನೀವು ಬಡಿಸಿದ ತುಪ್ಪದಿಂದ ಅಲ್ಲ. ಆ ಯೋಚನೆ ನಿಮಗೆ ಇದೆಯೋ ಇಲ್ಲವೋ ನೀವು ಯಾವತ್ತೂ ಹೇಳಲಿಲ್ಲ, ಆದರೆ ಅಣ್ಣ ಹೋದ ಮೇಲೆ ನಿಮ್ಮ ಎಲೆಗೆ ನೀವು ತುಪ್ಪ ಹಾಕಿಕೊಂಡಿದ್ದನ್ನ ನಾನು ನೋಡಿಲ್ಲ.

ಇನ್ನೊಂದು ಮಾತು. ಇದನ್ನ ಹೇಳಬಾರದು ಅಂತಲೇ ಇಷ್ಟು ತಿಂಗಳು ಓಡಾಡಿದೆ. ಮಾತ್ರೆ ತಗೊಂಡರೆ, ಇ.ಸಿ.ಜಿ. ತೆಗೆಸಿಕೊಂಡು ಸರಿಯಾಗಿ ನೋಡಿಕೊಂಡರೆ ನಾನು ಬದುಕ್ತೀನಂತೆ. ದಿನಾ ಒಂದು ಮಾತ್ರೆ. ಹೀಗೇ ಹೇಳ್ತಾರೆ ಅಂತ ನನಗೆ ಗುಮಾನಿ ಇತ್ತು, ಇನ್ಶೂರೆನ್ಸ್ ಆಫೀಸಿನಲ್ಲಿ ಇಂಥ ರಿಪೋರ್ಟು ಎಷ್ಟೋ ನೋಡಿದ್ದೀನಿ. ನಾನು ಪರೀಕ್ಷೆ ಮಾಡಿಸಿಕೊಂಡು, ಮಾತ್ರೆ ನುಂಗಿ, ನಿಮ್ಮ ಕಣ್ಣೆದುರು ಬದುಕಿದರೆ, ಅಣ್ಣನೂ ಬದುಕಬಹುದಿತ್ತು ಅಂತ ಆಗತ್ತೆ. ಈಗ ನೀವು ಹಣೆಯಲ್ಲಿ ಬರೆದಿತ್ತು ಅಂತ ಹೇಳಿಕೊಂಡು ದಿನ ತಳ್ಳುತ್ತಿದ್ದೀರಿ. ಆ ಒಂದು ಮಾತನ್ನ ನಾನು ನಿಮ್ಮಿಂದ ಕಿತ್ತುಕೊಳ್ಳಬಾರದು ಅಂತಿದ್ದೆ.

ಈಗ ಕಿತ್ತುಕೊಂಡಾಯಿತು. ಕ್ಷಮಿಸಿ ಅಂತ ಬರೆಯೋದಕ್ಕೂ ಕೈ ಬರ್ತಿಲ್ಲ.

ಡಾಕ್ಟರು ಇನ್ನೊಂದು ಹೇಳಿದರು. ತನ್ಮಯಿಗೂ ನೋಡಿಸಬೇಕಂತೆ.

ನಾಣಿ

*

ಹೊಸ ತಿಪ್ಪಸಂದ್ರ
7 ಡಿಸೆಂಬರ್ 1998

ನಾಣಿ,

ಉತ್ತರ ತಡವಾಯಿತು. ನೀನು ದಿನಾ ಅಂಚೆಯವನನ್ನು ಕಾಯುತ್ತಿರುತ್ತೀಯ ಎಂದು ಗೊತ್ತಿತ್ತು. ಆದರೂ ಪೆನ್ನು ಹಿಡಿಯಲಾಗಲಿಲ್ಲ.

ನಿನ್ನ ಕಾಗದ ಓದಿದ ದಿನ ಒಲೆ ಹಚ್ಚಲಿಲ್ಲ. ತನ್ಮಯಿ ಕಾಲೇಜಿನಿಂದ ಬಂದು ತಾನೇ ಅನ್ನಕ್ಕಿಟ್ಟಳು. ಯಾಕಮ್ಮ ಎಂದು ಕೇಳಿದಳು, ತಲೆನೋವು ಎಂದೆ. ಎರಡು ಮೂರು ದಿನ ನಿನ್ನ ಮೇಲೆ ಸಿಟ್ಟೂ ಬಂತು. ಇದನ್ನು ಹೇಳದೆ ಇದ್ದಿದ್ದರೆ ಆಗುತ್ತಿರಲಿಲ್ಲವೇ ಎನಿಸಿತು. ಹೆದರುವುದಿಲ್ಲ ಎಂದು ನಾನೇ ಬರೆದಿದ್ದೆ, ಅದು ಪೂರ್ತಿ ನಿಜವಾಗಿರಲಿಲ್ಲ.

ನೀನು ಬರೆಯಲು ಹಿಂಜರಿದ ಮಾತನ್ನು ನಾನೇ ಬರೆಯುತ್ತೇನೆ. ಅವರು ಬದುಕಬಹುದಿತ್ತು. ಬರೆದಾಯಿತು. ಬರೆದು ಸುಮ್ಮನೆ ನೋಡುತ್ತಾ ಕೂತಿದ್ದೆ. ಹೊರಗೆ ತರಕಾರಿ ಗಾಡಿಯವನು ಕೂಗುತ್ತಾ ಹೋದ. ಈ ಮಾತು ಗೊತ್ತಿಲ್ಲದಾಗಲೂ ಅವರು ಇರಲಿಲ್ಲ, ಗೊತ್ತಾದ ಮೇಲೂ ಇಲ್ಲ. ಆದರೆ ನೀನು ಇದ್ದೀಯ. ಅಷ್ಟು ಮಾತ್ರ ಬೇರೆಯಾಗಿದೆ ನಾಣಿ, ಅದು ಕಡಿಮೆಯೇನಲ್ಲ. ಇನ್ನು ಮೇಲೆ ನನ್ನನ್ನು ಕಾಯಲೆಂದು ನೀನು ಏನನ್ನೂ ಮುಚ್ಚಿಡಬೇಡ.

ಹೋದ ವಾರ ತನ್ಮಯಿಗೆ ಎಲ್ಲ ಹೇಳಿದೆ. ಮಾರನೆಯ ದಿನವೇ ಹೊರಟಳು, ನಿನ್ನಂತೆ ಓಡಾಡಿಸಲಿಲ್ಲ. ರಿಪೋರ್ಟು ಶನಿವಾರ ಬಂತು. ಅವಳಿಗೂ ಇದೆ. ನಿನ್ನಷ್ಟಿಲ್ಲ, ಆದರೆ ಹದಿನೇಳು ವರ್ಷಕ್ಕೆ ಇರಬಾರದಷ್ಟು ಇದೆ.

ಡಾಕ್ಟರ್ ಮಂಜೂರ್ ಅವಳನ್ನೇ ಎದುರಿಗೆ ಕೂರಿಸಿಕೊಂಡು ಹೇಳಿದರು. ಅವಳು ಕೈ ಕಟ್ಟಿಕೊಂಡು ಕೇಳಿ, "ಅಪ್ಪನಿಂದ ನಂಗೆ ಮೂಗೊಂದೇ ಬಂದಿದೆ ಅಂದ್ಕೊಂಡಿದ್ದೆ ಡಾಕ್ಟರ್" ಎಂದಳು. ಅವರು ನಗಲಿಲ್ಲ. "ಇದನ್ನ ನೋಡ್ಕೊಳ್ಳೋದು ಸುಲಭ ಮಗಳೇ. ಗೊತ್ತಿರಬೇಕು ಅಷ್ಟೇ" ಎಂದರು. ಸದ್ಯಕ್ಕೆ ಮಾತ್ರೆ ಬೇಡ, ಊಟ ಹೀಗಿರಲಿ, ವರ್ಷ ವರ್ಷ ನೋಡಿಸಿ ಎಂದು ಚೀಟಿ ಬರೆದುಕೊಟ್ಟರು.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ತಿರುಗಿ ಅತ್ತಳು. ಅಳಬೇಡ ಎಂದು ನಾನು ಹೇಳಲಿಲ್ಲ. ಇಂದಿರಾನಗರ ದಾಟಿದ ಮೇಲೆ ದುಪಟ್ಟಾದಲ್ಲಿ ಮುಖ ಒರೆಸಿಕೊಂಡು, "ಅಮ್ಮ, ಅಪ್ಪಂಗೆ ಯಾರೂ ಹೇಳಲೇ ಇಲ್ವಾ?" ಎಂದಳು.

"ಯಾರಿಗೂ ಗೊತ್ತಿರಲಿಲ್ಲ ಕಣೇ."

ಅವಳು ಆ ಚೀಟಿಯನ್ನು ಮಡಿಸಿ ಪುಸ್ತಕದೊಳಗೆ ಇಟ್ಟುಕೊಂಡಳು. "ನಂಗೆ ಗೊತ್ತಾಯ್ತಲ್ಲ" ಎಂದಳು.

ಅದನ್ನು ಅವಳು ಯಾವ ಧ್ವನಿಯಲ್ಲಿ ಹೇಳಿದಳೆಂದು ಬರೆಯಲು ನನಗೆ ಬರುವುದಿಲ್ಲ. ನಮ್ಮ ಸ್ಟಾಪು ಬಂದಾಗ ನನಗಿಂತ ಮೊದಲು ಎದ್ದು, ಕೈ ಕೊಟ್ಟು ಇಳಿಸಿಕೊಂಡಳು.

ಇತಿ ನಿನ್ನ ಅತ್ತಿಗೆ,
ಸೀತಮ್ಮ